ಫುಲ್ ಫ್ರೇಮ್ ಬೇಕಾ, ಕ್ರಾಪ್ ಸಾಕಾ? ಮೊದಲು ಲೆನ್ಸ್ ಲೆಕ್ಕ ಹಾಕಿ

ಹೊಸ ಕ್ಯಾಮೆರಾ ಕೊಳ್ಳಲು ಹೊರಟವರಿಗೆ ಅಂಗಡಿಯಲ್ಲೂ ಗೆಳೆಯರ ಬಳಗದಲ್ಲೂ ಸಿಗುವ ಸಲಹೆ ಹೆಚ್ಚುಕಡಿಮೆ ಒಂದೇ: ದುಡ್ಡಿದ್ದರೆ ಫುಲ್ ಫ್ರೇಮ್ ತಗೊಳ್ಳಿ, ಇಲ್ಲದಿದ್ದರೆ ಸದ್ಯಕ್ಕೆ ಕ್ರಾಪ್ ಸೆನ್ಸರ್ ಸಾಕು. ಸೆನ್ಸರ್ ಅಂದರೆ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಚಿಪ್. ಫುಲ್ ಫ್ರೇಮ್ ಅದರ ದೊಡ್ಡ ಅಳತೆ, ಕ್ರಾಪ್ ಚಿಕ್ಕದು. ಸಲಹೆ ಕೇಳಲು ಸರಿಯಾಗಿಯೇ ಇದೆ. ಆದರೆ ಈ ಮಾತು ನಂಬಿ ಇದ್ದ ದುಡ್ಡನ್ನೆಲ್ಲ ಫುಲ್ ಫ್ರೇಮ್ ಬಾಡಿ ಮೇಲೆ ಸುರಿದು, ಲೆನ್ಸ್‌ಗೆ ಏನೂ ಉಳಿಯದೆ, ವರ್ಷಗಟ್ಟಲೆ ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್‌ನಲ್ಲೇ ಉಳಿದವರು ತುಂಬ ಜನ. ಸೆನ್ಸರ್ ದೊಡ್ಡದಾಯಿತು, ಫೋಟೊ ಮಾತ್ರ ಹಾಗೇ ಇತ್ತು. ನಾನು ಹೇಳಬೇಕೆಂದಿರುವುದು ಇಷ್ಟೆ: ಸೆನ್ಸರ್ ಒಂದನ್ನೇ ತೂಗಿ ನೋಡಿದರೆ ಪ್ರಯೋಜನವಿಲ್ಲ. ಸೆನ್ಸರ್ ಮತ್ತು ಲೆನ್ಸ್ ಎರಡನ್ನೂ ಜೋಡಿಯಾಗಿ ಹೋಲಿಸಬೇಕು. ಯಾಕೆ ಅನ್ನೋದನ್ನು ನಿಧಾನವಾಗಿ ನೋಡೋಣ.

ಮೊದಲು ಅಳತೆ. ಫುಲ್ ಫ್ರೇಮ್ ಸೆನ್ಸರ್ 36×24 ಮಿ.ಮೀ. ಕ್ರಾಪ್ ಸೆನ್ಸರ್ ಎಂದು ನಾವು ಕರೆಯುವ ಎಪಿಎಸ್-ಸಿ, ನಿಕಾನ್, ಸೋನಿ, ಫ್ಯೂಜಿ ಕ್ಯಾಮೆರಾಗಳಲ್ಲಿ ಸುಮಾರು 23.5×15.6 ಮಿ.ಮೀ. ಕ್ಯಾನನ್‌ನದು ಇನ್ನೂ ಸ್ವಲ್ಪ ಚಿಕ್ಕದು, ಸುಮಾರು 22.3×14.9 ಮಿ.ಮೀ. ವಿಸ್ತೀರ್ಣ ಲೆಕ್ಕ ಹಾಕಿದರೆ ಫುಲ್ ಫ್ರೇಮ್ 864 ಚದರ ಮಿ.ಮೀ., ನಿಕಾನ್‌ನ ಕ್ರಾಪ್ ಸುಮಾರು 367. ಅಂದರೆ ಎರಡೂಕಾಲು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಈ ಒಂದು ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದಿನ ಲೆಕ್ಕವೆಲ್ಲ ಇದರ ಮೇಲೇ ನಿಂತಿದೆ.

ಈ 36×24 ಅಳತೆ ಬಂದದ್ದು ಸಿನಿಮಾ ರೀಲಿನಿಂದ. ಜರ್ಮನಿಯ ವೆಟ್ಸ್‌ಲರ್‌ನಲ್ಲಿ ಲೈಟ್ಸ್ ಕಂಪನಿಗೆ ಕೆಲಸ ಮಾಡುತ್ತಿದ್ದ ಆಸ್ಕರ್ ಬರ್ನಾಕ್, ಸಿನಿಮಾದ 35 ಮಿ.ಮೀ. ಫಿಲ್ಮನ್ನು ಅಡ್ಡಡ್ಡ ಓಡಿಸಿ, 18×24ರ ಎರಡು ಸಿನಿಮಾ ಫ್ರೇಮ್‌ಗಳ ಜಾಗದಲ್ಲಿ ಒಂದು ಫೋಟೊ ತೆಗೆಯುವ ಪುಟ್ಟ ಕ್ಯಾಮೆರಾ ಮಾಡಿದ. ಅದೇ 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ. ಆ ಕ್ಯಾಮೆರಾ ಗೆದ್ದಿತು, ಅಳತೆ ಉಳಿಯಿತು. ಆ ಕಾಲದಲ್ಲಿ ಇದನ್ನು ಚಿಕ್ಕ ಫಾರ್ಮ್ಯಾಟ್ ಎಂದೇ ಎಣಿಸುತ್ತಿದ್ದರು. ಇವತ್ತಿಗೂ ಫ್ಯೂಜಿಯ ಜಿಎಫ್‌ಎಕ್ಸ್ ಕ್ಯಾಮೆರಾಗಳ 44×33 ಮಿ.ಮೀ. ಸೆನ್ಸರ್ ಪಕ್ಕ ಇಟ್ಟರೆ ಫುಲ್ ಫ್ರೇಮ್ ಕೂಡ ಚಿಕ್ಕದೇ.

ಡಿಜಿಟಲ್ ಕಾಲ ಬಂದಾಗ ಅಷ್ಟು ದೊಡ್ಡ ಚಿಪ್ ಮಾಡುವುದು ವಿಪರೀತ ದುಬಾರಿಯಾಗಿತ್ತು. 1999ರ ನಿಕಾನ್ ಡಿ1 ಬಂದದ್ದೇ ಕ್ರಾಪ್ ಸೆನ್ಸರ್‌ನಲ್ಲಿ. ಕ್ಯಾನನ್‌ನ ಮೊದಲ ಫುಲ್ ಫ್ರೇಮ್ ಡಿಜಿಟಲ್ 1ಡಿಎಸ್ 2002ರದು. ಹವ್ಯಾಸಿಗಳ ಕೈಗೂ ಎಟುಕಬಹುದು ಅನ್ನಿಸಿದ್ದು 2005ರಲ್ಲಿ ಕ್ಯಾನನ್ 5ಡಿ ಬಂದಾಗ. ನಿಕಾನ್ ತನ್ನ ಫುಲ್ ಫ್ರೇಮ್ ಡಿ3 ತಂದದ್ದು 2007ರಲ್ಲಿ. ದುಬಾರಿ ಯಾಕೆ? ಸೆನ್ಸರ್‌ಗಳನ್ನು ದುಂಡನೆಯ ಸಿಲಿಕಾನ್ ಹಾಳೆಯ ಮೇಲೆ ಸಾಲುಸಾಲಾಗಿ ಮೂಡಿಸಿ ಆಮೇಲೆ ಕತ್ತರಿಸುತ್ತಾರೆ. ಸೆನ್ಸರ್ ದೊಡ್ಡದಾದಷ್ಟೂ ಒಂದು ಹಾಳೆಯಲ್ಲಿ ಸಿಗುವುದು ಕಡಿಮೆ. ಹಾಳೆಯ ಮೇಲೆ ಎಲ್ಲೋ ಒಂದು ದೋಷವಿದ್ದರೆ ಚಿಕ್ಕ ಚಿಪ್ ಒಂದು ಹಾಳಾಗುವ ಕಡೆ ದೊಡ್ಡ ಚಿಪ್ ಒಂದು ಹಾಳಾಗುತ್ತದೆ. ಇನ್ನೊಂದು ತೊಡಕೂ ಇದೆ. ಚಿಪ್ಪಿನ ನಕ್ಷೆಯನ್ನು ಸಿಲಿಕಾನ್ ಮೇಲೆ ಬೆಳಕಿನಿಂದ ಮೂಡಿಸುವ ಸಾಮಾನ್ಯ ಯಂತ್ರ ಒಂದು ಸಲಕ್ಕೆ ಸುಮಾರು 26×33 ಮಿ.ಮೀ. ಜಾಗವನ್ನಷ್ಟೇ ತುಂಬಬಲ್ಲದು. 36 ಮಿ.ಮೀ. ಅಗಲ ಅದರಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಭಾಗಭಾಗವಾಗಿ ಮೂಡಿಸಿ ಜೋಡಿಸಬೇಕು. ಈಗ ಬೆಲೆ ಎಷ್ಟೋ ಇಳಿದಿದೆ, ಆದರೂ ಅಂತರ ಪೂರ್ತಿ ಹೋಗಿಲ್ಲ.

ಇನ್ನು ಫೋಟೊದಲ್ಲಿ ಏನು ಬದಲಾಗುತ್ತದೆ ನೋಡೋಣ. ಕಣ್ಣಿಗೆ ಮೊದಲು ಬೀಳುವುದು ನೋಟದ ಅಗಲ. ಲೆನ್ಸ್ ಒಳಗೆ ಮೂಡಿಸುವ ಬಿಂಬ ದುಂಡಗಿರುತ್ತದೆ. ಫುಲ್ ಫ್ರೇಮ್ ಅದರಿಂದ ದೊಡ್ಡ ಆಯತ ತೆಗೆದುಕೊಳ್ಳುತ್ತದೆ, ಕ್ರಾಪ್ ನಡುವಿನ ಚಿಕ್ಕ ಆಯತವನ್ನಷ್ಟೇ. ಅದಕ್ಕೇ ಕ್ರಾಪ್ ಕ್ಯಾಮೆರಾದಲ್ಲಿ 50 ಎಂಎಂ ಲೆನ್ಸ್ (ಎಂಎಂ ಹೆಚ್ಚಿದಷ್ಟೂ ನೋಟ ಕಿರಿದು) ಹಾಕಿದರೆ ಫುಲ್ ಫ್ರೇಮ್‌ನಲ್ಲಿ 75 ಎಂಎಂ ಹಾಕಿದಷ್ಟು ನೋಟ ಸಿಗುತ್ತದೆ. ನಿಕಾನ್, ಸೋನಿ, ಫ್ಯೂಜಿಗೆ 1.5ರಿಂದ ಗುಣಿಸಿ, ಕ್ಯಾನನ್‌ಗೆ 1.6ರಿಂದ. ಲೆನ್ಸ್ ಬದಲಾಗಿಲ್ಲ, ಅದು ಆಗಲೂ 50 ಎಂಎಂ, ಈಗಲೂ 50 ಎಂಎಂ. ನೀವು ನಿಂತ ಜಾಗ ಬದಲಾಗದಿದ್ದರೆ ಹತ್ತಿರದ ವಸ್ತು ದೂರದ ವಸ್ತುಗಳ ಸಂಬಂಧವೂ ಬದಲಾಗುವುದಿಲ್ಲ. ಸುತ್ತಲಿನ ಅಂಚು ಕತ್ತರಿಸಿಹೋಗಿದೆ, ಅಷ್ಟೇ.

ಎರಡನೆಯದು ಬೆಳಕು. ಇಲ್ಲೇ ಎಲ್ಲರೂ ಗೊಂದಲ ಮಾಡಿಕೊಳ್ಳುವುದು. ಎಫ್/2.8 (ಲೆನ್ಸ್ ಕಿಂಡಿಯ ಅಳತೆ, ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಜಾಸ್ತಿ), 1/500 ಸೆಕೆಂಡ್ (ಶಟರ್ ತೆರೆದಿರುವ ಹೊತ್ತು), ಅದೇ ಐಎಸ್‌ಒ (ಕತ್ತಲಲ್ಲಿ ಫೋಟೊ ಬೆಳಗಿಸಲು ಏರಿಸುವ ಸಂಖ್ಯೆ) ಇಟ್ಟರೆ ಎರಡೂ ಕ್ಯಾಮೆರಾದಲ್ಲಿ ಫೋಟೊ ಅಷ್ಟೇ ಬೆಳ್ಳಗೆ ಬರುತ್ತದೆ. ಹಾಗಿದ್ದಮೇಲೆ ಫುಲ್ ಫ್ರೇಮ್‌ಗೆ ಬೆಳಕು ಜಾಸ್ತಿ ಅನ್ನುವುದು ಹೇಗೆ? ಪಕ್ಕಪಕ್ಕದ ಎರಡು ಮನೆಗಳನ್ನು ನೆನೆಸಿಕೊಳ್ಳಿ. ಒಂದರ ತಾರಸಿ 600 ಚದರಡಿ, ಇನ್ನೊಂದರದು 1,400. ಸುರಿಯುವ ಮಳೆ ಎರಡಕ್ಕೂ ಒಂದೇ, ತಾರಸಿಯ ಮೇಲೆ ನಿಲ್ಲುವ ನೀರಿನ ಆಳವೂ ಒಂದೇ. ಆದರೆ ಪೈಪಿನಲ್ಲಿ ಇಳಿದು ಸಂಪಿಗೆ ಸೇರುವ ನೀರು ಎರಡನೇ ಮನೆಯಲ್ಲಿ ಎರಡೂಕಾಲು ಪಟ್ಟು. ಎಕ್ಸ್‌ಪೋಷರ್ ಅಂದರೆ ಆ ಆಳ. ನಾಯ್ಸ್, ಅಂದರೆ ಫೋಟೊದಲ್ಲಿ ಕಾಣುವ ಕಾಳು, ತೀರ್ಮಾನವಾಗುವುದು ಸಂಪಿನ ನೀರಿನಿಂದ.

ಬೆಳಕು ಕಣಕಣವಾಗಿ ಬರುತ್ತದೆ, ಆ ಕಣಗಳು ಒಂದೇ ಸಮನಾಗಿ ಬೀಳುವುದಿಲ್ಲ. 10,000 ಕಣ ಬೀಳಬೇಕಾದ ಕಡೆ ಏರುಪೇರು ಸುಮಾರು 100, ಅಂದರೆ ಶೇ. 1. ಕಣ್ಣಿಗೆ ಕಾಣುವುದಿಲ್ಲ. 100 ಕಣ ಮಾತ್ರ ಬಿದ್ದರೆ ಏರುಪೇರು 10, ಅಂದರೆ ಶೇ. 10. ಅದೇ ಕತ್ತಲ ಫೋಟೊಗಳಲ್ಲಿ ಕಾಣುವ ಕಾಳುಕಾಳು. ಹಾಗಾಗಿ ಒಂದೇ ಕಾಲದ, ಒಂದೇ ಬಗೆಯ ಎರಡು ಸೆನ್ಸರ್‌ಗಳನ್ನು ಹೋಲಿಸಿದರೆ ಫುಲ್ ಫ್ರೇಮ್‌ಗೆ ಒಂದೂಕಾಲು ಸ್ಟಾಪ್ ಅನುಕೂಲವಿದೆ (ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು). ಫುಲ್ ಫ್ರೇಮ್‌ನಲ್ಲಿ ಐಎಸ್‌ಒ 6400ಕ್ಕೆ ತೆಗೆದ ಫೋಟೊ, ಕ್ರಾಪ್‌ನಲ್ಲಿ ಸುಮಾರು 2800ಕ್ಕೆ ತೆಗೆದದ್ದರಷ್ಟು ನಯವಾಗಿರುತ್ತದೆ. ಇದು ನಿಜವಾದ ಲಾಭ. ಕಡೆಗಣಿಸುವಂಥದ್ದಲ್ಲ. ಆದರೆ ಈ ಲಾಭ ಯಾವಾಗಲೂ ಸಿಗುವುದಿಲ್ಲ.

ರಂಗನತಿಟ್ಟಿಗೆ ಹೋಗೋಣ. ಕಾವೇರಿಯ ಅಂಚಿನ ಒಂದು ಕೊಂಬೆಯ ಮೇಲೆ ಗದ್ದೆ ಮಿಂಚುಳ್ಳಿ ಕೂತಿದೆ, ದೋಣಿಯಿಂದ 20 ಮೀಟರ್ ದೂರ. ಹಕ್ಕಿಯ ಉದ್ದ ಸುಮಾರು 28 ಸೆಂ.ಮೀ. ನಿಮ್ಮ ಹತ್ತಿರ ಇರುವುದು 500 ಎಂಎಂ ಲೆನ್ಸ್. ಸೆನ್ಸರ್ ಮೇಲೆ ಆ ಹಕ್ಕಿಯ ಬಿಂಬ ಎಷ್ಟು ದೊಡ್ಡದು? ಲೆಕ್ಕ ಸುಲಭ: 280 ಮಿ.ಮೀ. ಹಕ್ಕಿ, ಗುಣಿಸು 500, ಭಾಗಿಸು 20,000. ಬರುವುದು 7 ಮಿ.ಮೀ. ಇದು ಫುಲ್ ಫ್ರೇಮ್‌ನಲ್ಲೂ 7 ಮಿ.ಮೀ., ಕ್ರಾಪ್‌ನಲ್ಲೂ 7 ಮಿ.ಮೀ. ಆ 7 ಮಿ.ಮೀ. ಮೇಲೆ ಬಿದ್ದ ಬೆಳಕೂ ಎರಡರಲ್ಲಿ ಒಂದೇ. ಫುಲ್ ಫ್ರೇಮ್ ಹೆಚ್ಚಿಗೆ ಹಿಡಿದದ್ದು ಸುತ್ತಲಿನ ನೀರು, ಎಲೆ, ಬಂಡೆ. ಮನೆಗೆ ಬಂದು ಅದನ್ನು ನೀವೇ ಕತ್ತರಿಸಿ ಹಾಕುತ್ತೀರಿ. ಅಂದರೆ ಎರಡೂಕಾಲು ಪಟ್ಟು ಬೆಳಕಿನ ಲಾಭ ಕತ್ತರಿಯ ಪಾಲಾಯಿತು.

ಹಾಗಾದರೆ ಆ ಹಕ್ಕಿಯ ರೆಕ್ಕೆಯ ವಿವರ ಯಾವುದರಲ್ಲಿ ಚೆನ್ನಾಗಿ ಬರುತ್ತದೆ? ಅದು ಪಿಕ್ಸೆಲ್‌ಗಳು ಎಷ್ಟು ಒತ್ತೊತ್ತಾಗಿವೆ ಅನ್ನುವುದರ ಮೇಲಿದೆ. 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್‌ನಲ್ಲಿ ಆ 7 ಮಿ.ಮೀ.ಗೆ ಸುಮಾರು 1,170 ಪಿಕ್ಸೆಲ್ ಸಿಗುತ್ತವೆ. ನಿಕಾನ್ ಡಿ500, 20.9 ಮೆಗಾಪಿಕ್ಸೆಲ್‌ನ ಕ್ರಾಪ್ ಕ್ಯಾಮೆರಾ, ಅದರಲ್ಲಿ ಸುಮಾರು 1,660. ಕ್ಯಾನನ್‌ನ 32.5 ಮೆಗಾಪಿಕ್ಸೆಲ್ ಆರ್7ನಲ್ಲಿ 2,180ರ ಆಸುಪಾಸು. 45.7 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಡಿ850 ತೆಗೆದುಕೊಂಡರೆ ಸುಮಾರು 1,610, ಹೆಚ್ಚುಕಡಿಮೆ ಡಿ500ರಷ್ಟೇ. ಡಿ850ಯನ್ನು ಕ್ರಾಪ್ ಮೋಡ್‌ಗೆ ಹಾಕಿದರೆ 19.4 ಮೆಗಾಪಿಕ್ಸೆಲ್ ಫೋಟೊ ಬರುತ್ತದೆ. ಅಂದರೆ ಅದರ ಹೊಟ್ಟೆಯೊಳಗೆ ಒಂದು ಡಿ500 ಕೂತಿದ್ದಂತೆಯೇ. ಹಕ್ಕಿ ಹತ್ತಿರ ಬಂದಾಗ, ಅಥವಾ ಹಾರುವಾಗ ಫ್ರೇಮ್‌ನಿಂದ ಆಚೆ ಹೋಗದಂತೆ ಹಿಡಿಯಬೇಕಾದಾಗ ದೊಡ್ಡ ಫ್ರೇಮ್ ಅನುಕೂಲ, ಅದನ್ನು ಒಪ್ಪುತ್ತೇನೆ. ಆದರೆ ಆ ಅನುಕೂಲಕ್ಕೆ ಕೊಡಬೇಕಾದ ಬೆಲೆ ದೊಡ್ಡದು. ಹಕ್ಕಿ ಫೋಟೊಗ್ರಫಿ ಶುರುಮಾಡುವವರು 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಕೊಂಡು, 300 ಎಂಎಂ ಲೆನ್ಸ್‌ಗೆ ತೃಪ್ತಿಪಡುವುದನ್ನು ನೋಡಿದಾಗ ನನಗೆ ಬೇಸರವಾಗುತ್ತದೆ. ಒಳ್ಳೆಯ ಕ್ರಾಪ್ ಬಾಡಿ ಕೊಂಡು, ಉಳಿದದ್ದರಲ್ಲಿ 150-600 ಎಂಎಂ ಲೆನ್ಸ್ ಕೊಂಡರೆ ಅದೇ ದುಡ್ಡಿಗೆ ಎಷ್ಟೋ ಹೆಚ್ಚು ಹಕ್ಕಿ ಸಿಗುತ್ತದೆ.

ಮಳೆಗಾಲದಲ್ಲಿ ಆಗುಂಬೆ ಕಡೆ ಕಪ್ಪೆ, ಕೀಟ ಹುಡುಕುವವರಿಗೂ ಇದೇ ಮಾತು. ಮ್ಯಾಕ್ರೋದಲ್ಲಿ, ಅಂದರೆ ತೀರಾ ಹತ್ತಿರದಿಂದ ತೆಗೆಯುವಾಗ, ಫ್ಲ್ಯಾಶ್ ಹಾಕಿ ಎಫ್/11ರ ಆಚೆ ಈಚೆ ತೆಗೆಯುತ್ತೇವೆ. ಬೇಕಾಗಿರುವುದು ಜಾಸ್ತಿ ಫೋಕಸ್ ಆಳ (ಮುಂದಿನಿಂದ ಹಿಂದಿನವರೆಗೆ ಸ್ಪಷ್ಟವಾಗಿ ಕಾಣುವ ಜಾಗ), ಕಡಿಮೆಯಲ್ಲ. ಕ್ರಾಪ್ ಸಾಕು, ಧಾರಾಳವಾಗಿ ಸಾಕು.

ಈಗ ಉಲ್ಟಾ ಸನ್ನಿವೇಶ. ಕರಾವಳಿಯಲ್ಲಿ ರಾತ್ರಿಯ ಯಕ್ಷಗಾನ ಬಯಲಾಟ. ರಂಗಸ್ಥಳದ ಮುಂದೆ ಬೇಕಾದಷ್ಟು ಹತ್ತಿರ ಕೂತಿದ್ದೀರಿ, ಫ್ರೇಮ್ ತುಂಬ ಬೇಕಾದದ್ದೆಲ್ಲ ಇದೆ, ಏನೂ ಕತ್ತರಿಸಬೇಕಿಲ್ಲ. ಇಲ್ಲದಿರುವುದು ಬೆಳಕು. ಪುಂಡುವೇಷ ಧೀಂಗಿಣ ಹಾಕುವಾಗ ಕೈಕಾಲು ಕದಡದೆ ನಿಲ್ಲಬೇಕಾದರೆ 1/500 ಸೆಕೆಂಡ್ ಆದರೂ ಬೇಕು. ಎಫ್/2.8ಕ್ಕೆ ಐಎಸ್‌ಒ 6400 ಬರುತ್ತಿದೆ ಅಂದುಕೊಳ್ಳಿ. ಇಲ್ಲಿ ಫುಲ್ ಫ್ರೇಮ್‌ನ ಲಾಭ ಪೂರ್ತಿಯಾಗಿ ಕೈಗೆ ಸಿಗುತ್ತದೆ. ಮುಖವರ್ಣಿಕೆಯ ಕೆಂಪು, ಕಪ್ಪು ಗೆರೆ, ಕಿರೀಟದ ಅಂಚು, ಎಲ್ಲವೂ ಕಡಿಮೆ ಕಾಳಿನಲ್ಲಿ ಉಳಿಯುತ್ತವೆ. (ರಂಗಸ್ಥಳದಲ್ಲಿ ಎಲ್‌ಇಡಿ ದೀಪಗಳಿದ್ದರೆ ಇಂಥ ಶಟರ್ ವೇಗದಲ್ಲಿ ಫೋಟೊಗೆ ಅಡ್ಡಪಟ್ಟಿಗಳು ಬೀಳಬಹುದು. ಅದಕ್ಕೆ ಸೆನ್ಸರ್ ಗಾತ್ರ ಕಾರಣವಲ್ಲ. ಕ್ಯಾಮೆರಾದಲ್ಲಿ ಆಂಟಿ-ಫ್ಲಿಕರ್ ಸೌಲಭ್ಯ ಇದೆಯಾ ಅಂತ ಕೊಳ್ಳುವಾಗಲೇ ನೋಡಿಕೊಳ್ಳಿ.)

ಆದರೆ ಜೋಡಿಯಾಗಿ ಹೋಲಿಸಬೇಕು ಎಂದೆನಲ್ಲ, ಅದು ಇಲ್ಲೇ ಕೆಲಸಕ್ಕೆ ಬರುವುದು. ಫುಲ್ ಫ್ರೇಮ್ ಜೊತೆಗೆ ಸಾಮಾನ್ಯವಾಗಿ ಕೊಳ್ಳುವುದು 24-105 ಎಂಎಂ ಎಫ್/4. ಎಫ್/2.8ಕ್ಕೆ ಹೋಲಿಸಿದರೆ ಎಫ್/4 ಅರ್ಧ ಬೆಳಕನ್ನಷ್ಟೇ ಒಳಗೆ ಬಿಡುತ್ತದೆ. ಸೆನ್ಸರ್ ಎರಡೂಕಾಲು ಪಟ್ಟು ದೊಡ್ಡದು, ಲೆನ್ಸ್ ಅರ್ಧಕ್ಕೆ ಇಳಿಸಿತು. ಕೊನೆಗೆ ಉಳಿದದ್ದು ಕ್ರಾಪ್ ಬಾಡಿಗೆ ಎಫ್/2.8 ಜೂಮ್ ಹಾಕಿದಾಗ ಸಿಗುವಷ್ಟೇ ಬೆಳಕು, ಕೂದಲೆಳೆಯಷ್ಟು ಹೆಚ್ಚು. ಸಿಗ್ಮಾ 2021ರಲ್ಲಿ ತಂದ ಕ್ರಾಪ್ ಲೆನ್ಸ್ 18-50 ಎಂಎಂ ಎಫ್/2.8ರ ತೂಕ 290 ಗ್ರಾಂ. ಸೋನಿಯ ಫುಲ್ ಫ್ರೇಮ್ 24-105 ಎಫ್/4 ತೂಗುವುದು 663 ಗ್ರಾಂ. ಜೂಮ್ ದೂರ ಜಾಸ್ತಿ ಸಿಗುತ್ತದೆ, ನಿಜ. ಕತ್ತಲಿನ ಲಾಭ ಮಾತ್ರ ಇಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಸಿಗ್ಮಾ 2013ರಲ್ಲೇ ಕ್ರಾಪ್ ಕ್ಯಾಮೆರಾಗಳಿಗೆ 18-35 ಎಂಎಂ ಎಫ್/1.8 ಜೂಮ್ ತಂದಿತ್ತು. 2025ರಲ್ಲಿ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾಗಳಿಗೆ 17-40 ಎಂಎಂ ಎಫ್/1.8 ಬಂತು. ಎಫ್/1.8, ಎಫ್/2.8ಕ್ಕಿಂತ ಸುಮಾರು 2.4 ಪಟ್ಟು ಬೆಳಕು ಬಿಡುತ್ತದೆ. ಅಂದರೆ ಕ್ರಾಪ್ ಮತ್ತು ಎಫ್/1.8 ಜೂಮ್ ಜೋಡಿ, ಫುಲ್ ಫ್ರೇಮ್ ಮತ್ತು ಎಫ್/2.8 ಜೂಮ್ ಜೋಡಿಗೆ ಸರಿಸಾಟಿ. ಆದರೆ ಅಲ್ಲಿಗೆ ಕ್ರಾಪ್ ಜೂಮ್‌ಗಳ ಓಟ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚು ಬೆಳಕು ಬೇಕೆಂದರೆ ಫುಲ್ ಫ್ರೇಮ್‌ಗೆ 35, 50, 85 ಎಂಎಂನಲ್ಲಿ ಎಫ್/1.4 ಲೆನ್ಸ್‌ಗಳು ಸಾಲಾಗಿ ಸಿಗುತ್ತವೆ. ಕ್ರಾಪ್‌ನಲ್ಲಿ ಅದಕ್ಕೆ ಸರಿಗಟ್ಟಲು ಎಫ್/0.95ರಂಥ ಲೆನ್ಸ್ ಬೇಕು. ಅಂಥವು ಅಪರೂಪ, ಬಹುಪಾಲು ಆಟೋಫೋಕಸ್ ಇಲ್ಲದವು. ರಾತ್ರಿ ಕಾರ್ಯಕ್ರಮ, ನಾಟಕ, ಮಂಟಪದ ಮಂದ ಬೆಳಕಿನ ಮದುವೆ ಇವೇ ನಿಮ್ಮ ಹೊಟ್ಟೆಪಾಡಾದರೆ ಫುಲ್ ಫ್ರೇಮ್ ತೆಗೆದುಕೊಳ್ಳಿ, ಜೊತೆಗೆ ಒಳ್ಳೆಯ ಲೆನ್ಸ್‌ಗೂ ದುಡ್ಡು ಎತ್ತಿಡಿ. 2023ರಲ್ಲಿ ಫೋಟೊ ತಿದ್ದುವ ಲೈಟ್‌ರೂಮ್ ಸಾಫ್ಟ್‌ವೇರ್‌ಗೆ ಕಾಳು ತೆಗೆಯುವ ಎಐ ಡಿನಾಯ್ಸ್ ಬಂದಮೇಲೆ ಈ ಅಂತರದ ಕಾಟ ಕಡಿಮೆಯಾಗಿದೆ ಅನ್ನುವುದನ್ನೂ ಮರೆಯಬಾರದು. ಮದುವೆಯ ಸಾವಿರಾರು ಫೋಟೊಗಳಿಗೆ ಅದನ್ನು ಓಡಿಸುತ್ತ ಕೂರುವುದು ಬೇರೆ ಮಾತು.

ಹಿನ್ನೆಲೆ ಮಸುಕಾಗುವ ವಿಷಯವೂ ಇದೇ ಲೆಕ್ಕದ್ದು. ಒಂದೇ ಜಾಗದಲ್ಲಿ ನಿಂತು, ಅಷ್ಟೇ ಅಗಲದ ನೋಟ ಇಟ್ಟುಕೊಂಡು, ಅದೇ ಎಫ್ ನಂಬರಿನಲ್ಲಿ ತೆಗೆದರೆ ಫುಲ್ ಫ್ರೇಮ್‌ನಲ್ಲಿ ಬ್ಲರ್ ಜಾಸ್ತಿ. ಹೋಲಿಸುವಾಗ ಎಂಎಂ ಅನ್ನು ಮಾತ್ರ 1.5ರಿಂದ ಗುಣಿಸಿ ಬಿಟ್ಟುಬಿಡಬೇಡಿ, ಎಫ್ ನಂಬರನ್ನೂ ಗುಣಿಸಿ. ಕ್ರಾಪ್‌ಗೆ ಬರುವ ಸಿಗ್ಮಾ 56 ಎಂಎಂ ಎಫ್/1.4, ಫುಲ್ ಫ್ರೇಮ್‌ನ 84 ಎಂಎಂ ಎಫ್/2.1ರಂತೆ ನಡೆದುಕೊಳ್ಳುತ್ತದೆ. ಪಕ್ಕದಲ್ಲಿ ಫುಲ್ ಫ್ರೇಮ್‌ನ 85 ಎಂಎಂ ಎಫ್/1.8 ಇಟ್ಟು ನೋಡಿ. ವ್ಯತ್ಯಾಸ ಅರ್ಧ ಸ್ಟಾಪ್ ಕೂಡ ಇಲ್ಲ. ಮದುಮಗಳ ಫೋಟೊ ನೋಡಿದವರು ಯಾರೂ ಇದನ್ನು ಪತ್ತೆ ಹಚ್ಚಲಾರರು. 85 ಎಂಎಂ ಎಫ್/1.4 ಅಥವಾ ಎಫ್/1.2 ಕೊಳ್ಳುವ ಯೋಚನೆ ಇದ್ದರೆ ಆಗ ಮಾತು ಬೇರೆ, ಆ ನೋಟ ಕ್ರಾಪ್‌ನಲ್ಲಿ ಸಿಗುವುದು ಕಷ್ಟ.

ಪ್ರಿಂಟ್ ಮಾಡಿದರೆ ಕ್ರಾಪ್ ಸಾಲದು ಅನ್ನುವ ಭಯವೂ ಬೇಡ. ನಮ್ಮ ಮದುವೆ ಆಲ್ಬಮ್‌ಗಳ 12×36 ಇಂಚಿನ ಹಾಳೆಯಲ್ಲಿ ಒಂದು ಪುಟ ಅಂದರೆ 12×18 ಇಂಚು. ಅದನ್ನು 300 ಡಿಪಿಐಗೆ (ಇಂಚಿಗೆ 300 ಚುಕ್ಕಿ) ಪ್ರಿಂಟ್ ಮಾಡಲು ಬೇಕಾಗುವುದು 19.4 ಮೆಗಾಪಿಕ್ಸೆಲ್. ಇವತ್ತಿನ ಯಾವುದೇ 24 ಮೆಗಾಪಿಕ್ಸೆಲ್ ಕ್ರಾಪ್ ಕ್ಯಾಮೆರಾ ಅದನ್ನು ಆರಾಮಾಗಿ ಕೊಡುತ್ತದೆ. ಹಂಪಿಯ ಸೂರ್ಯೋದಯ, ಕುದುರೆಮುಖದ ಮೋಡ ಇಂಥವನ್ನು ಟ್ರೈಪಾಡ್ ಮೇಲೆ ಐಎಸ್‌ಒ 100ಕ್ಕೆ ತೆಗೆಯುವವರಿಗೂ ಸೆನ್ಸರ್ ಗಾತ್ರ ದೊಡ್ಡ ತಲೆನೋವಲ್ಲ.

ವಿಡಿಯೊ ಮಾಡುವವರು ಒಂದು ವಿಷಯ ತಿಳಿದಿರಬೇಕು. ಎಷ್ಟೋ ಫುಲ್ ಫ್ರೇಮ್ ಕ್ಯಾಮೆರಾಗಳು 4ಕೆ ವಿಡಿಯೊದಲ್ಲಿ ಸೆಕೆಂಡಿಗೆ 60 ಫ್ರೇಮ್‌ಗೆ ಹೋದ ತಕ್ಷಣ ಸೆನ್ಸರ್‌ನ ನಡುಭಾಗವನ್ನಷ್ಟೇ ಬಳಸುತ್ತವೆ. ಸೋನಿ ಎ7 4, ನಿಕಾನ್ ಜೆಡ್6 2 ಎರಡೂ ಹಾಗೇ. ಅದಕ್ಕೆಂದೇ ಫುಲ್ ಫ್ರೇಮ್ ಕೊಂಡವರು ಕೊನೆಗೆ ಬಳಸುವುದು ಕ್ರಾಪ್ ಅಳತೆಯನ್ನೇ. ಇದರಲ್ಲಿ ಕೀಳರಿಮೆ ಪಡುವಂಥದ್ದೇನೂ ಇಲ್ಲ. ಸಿನಿಮಾದವರು ದಶಕಗಟ್ಟಲೆ ಬಳಸಿದ ಸೂಪರ್ 35 ಹೆಚ್ಚುಕಡಿಮೆ ಎಪಿಎಸ್-ಸಿ ಅಳತೆಯದೇ. 2010ರಲ್ಲಿ ಬಂದ ಆರಿ ಅಲೆಕ್ಸಾ ಕ್ಯಾಮೆರಾದ ಸೆನ್ಸರ್ ಕೂಡ ಅದೇ ಗಾತ್ರದ್ದು. ದೊಡ್ಡ ಪರದೆಗೇ ಅದು ಸಾಕಾಗಿದೆ, ಅಲ್ವಾ?

ಜನ ಜಾಸ್ತಿ ದುಡ್ಡು ಕಳೆದುಕೊಳ್ಳುವುದು “ಈಗ ಕ್ರಾಪ್, ಆಮೇಲೆ ಫುಲ್ ಫ್ರೇಮ್” ಅನ್ನುವ ದಾರಿಯಲ್ಲಿ. ಕ್ರಾಪ್‌ಗೆಂದೇ ಮಾಡಿದ ಲೆನ್ಸ್‌ನ ಬಿಂಬ ಫುಲ್ ಫ್ರೇಮನ್ನು ತುಂಬುವುದಿಲ್ಲ. ಸೋನಿಯ 24 ಮೆಗಾಪಿಕ್ಸೆಲ್ ಎ7 3ಕ್ಕೆ ಅಂಥ ಲೆನ್ಸ್ ಹಾಕಿದರೆ ಫೋಟೊ 10 ಮೆಗಾಪಿಕ್ಸೆಲ್‌ಗೆ ಇಳಿಯುತ್ತದೆ. ಕ್ಯಾನನ್‌ನ ಹಳೆಯ ಇಎಫ್-ಎಸ್ ಲೆನ್ಸ್‌ಗಳಂತೂ ಆ ಕಾಲದ ಫುಲ್ ಫ್ರೇಮ್ ಡಿಎಸ್‌ಎಲ್‌ಆರ್‌ಗಳಿಗೆ ಕೂರುವುದೇ ಇಲ್ಲ. ಹಾಗಂತ ಮುಂದೆ ಬೇಕಾಗಬಹುದು ಅಂತ ಕ್ರಾಪ್ ಬಾಡಿಗೆ ಈಗಲೇ ಫುಲ್ ಫ್ರೇಮ್ ಲೆನ್ಸ್ ಕೊಳ್ಳುವುದೂ ಪೂರ್ತಿ ಸರಿಯಲ್ಲ. 24-70 ಎಂಎಂ ಹಾಕಿದರೆ 36-105 ಆಗುತ್ತದೆ, ಮನೆಯೊಳಗೆ ಗುಂಪು ಫೋಟೊ ತೆಗೆಯಲು ಬೆನ್ನು ಗೋಡೆಗೆ ತಾಗುತ್ತದೆ. ಉದ್ದದ ಲೆನ್ಸ್‌ಗಳಿಗೆ ಈ ತೊಂದರೆ ಇಲ್ಲ, 70-200, 150-600 ಎರಡು ಕಡೆಯೂ ನಡೆಯುತ್ತವೆ. ಅಗಲದ ಲೆನ್ಸ್ ಮಾತ್ರ ಕ್ರಾಪ್‌ಗೆಂದೇ ಇರುವ 10-18 ಅಥವಾ 10-20ರಂಥದ್ದು ತಗೊಳ್ಳಿ. ಮುಂದೆ ಬದಲಾಯಿಸಿದರೆ ಅದೊಂದನ್ನು ಮಾರಿದರಾಯಿತು.

ನಿಮಗೆ ಯಾವುದು ಬೇಕು ಅನ್ನುವುದು ನಿಮ್ಮ ಹಳೇ ಫೋಟೊಗಳಲ್ಲೇ ಬರೆದಿದೆ. ಲೈಟ್‌ರೂಮ್‌ನಂಥ ಸಾಫ್ಟ್‌ವೇರ್‌ನಲ್ಲಿ ಎಂಎಂ, ಐಎಸ್‌ಒ ಪ್ರಕಾರ ಫೋಟೊಗಳನ್ನು ಬೇರ್ಪಡಿಸಿ ನೋಡಬಹುದು. ನಿಮಗೆ ಇಷ್ಟವಾದ ಫೋಟೊಗಳಲ್ಲಿ ಹೆಚ್ಚಿನವು ಲೆನ್ಸ್‌ನ ತುತ್ತತುದಿಯಲ್ಲಿ, 250 ಅಥವಾ 300ರಲ್ಲಿ ತೆಗೆದವಾ? ಆದರೂ ಕತ್ತರಿಸಿದ್ದೀರಾ? ನಿಮಗೆ ಬೇಕಾದದ್ದು ಕ್ರಾಪ್ ಮತ್ತು ಉದ್ದದ ಲೆನ್ಸ್. ಲೆನ್ಸ್ ಪೂರ್ತಿ ತೆರೆದಿಟ್ಟೂ ಐಎಸ್‌ಒ 6400ರ ಮೇಲೇ ಓಡುತ್ತಿದೆಯಾ? ಆ ಲೆನ್ಸ್ ಎಫ್/4 ಅಥವಾ ಎಫ್/5.6ರದ್ದಾದರೆ ಮೊದಲು ಒಂದು ಎಫ್/1.8 ಪ್ರೈಮ್ (ಜೂಮ್ ಆಗದ ಲೆನ್ಸ್) ತಂದು ನೋಡಿ. ಎಫ್/1.8ರಲ್ಲೂ ಸಾಲುತ್ತಿಲ್ಲ ಎಂದರೆ ಫುಲ್ ಫ್ರೇಮ್‌ಗೆ ಹೋಗಲು ಅದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ಕೊಳ್ಳುವ ಮುಂಚೆ ಒಂದು ದಿನ ಎರಡನ್ನೂ ಬಾಡಿಗೆಗೆ ತಂದು ನೋಡಿ. ಬೆಂಗಳೂರಿನಂಥ ಊರುಗಳಲ್ಲಿ ಇದು ಕಷ್ಟವಲ್ಲ. ಬರೀ ಬಾಡಿ ತರಬೇಡಿ, ನೀವು ನಿಜವಾಗಿ ಕೊಳ್ಳುವ ಲೆನ್ಸನ್ನೂ ಜೊತೆಗೆ ತನ್ನಿ. ಒಂದೇ ಜಾಗದಲ್ಲಿ ನಿಂತು, ಒಂದೇ ಶಟರ್ ವೇಗದಲ್ಲಿ, ಫ್ರೇಮ್‌ನಲ್ಲಿ ಅಷ್ಟೇ ನೋಟ ಇರುವಂತೆ ತೆಗೆಯಿರಿ. ಮನೆಗೆ ಬಂದು ಫೋಟೊಗಳನ್ನು ಶೇ. 100ಕ್ಕೆ ಹಿಗ್ಗಿಸಿ ನೋಡಬೇಡಿ. ಮೆಗಾಪಿಕ್ಸೆಲ್ ಬೇರೆ ಬೇರೆಯಿದ್ದಾಗ ಅದು ಸುಳ್ಳು ಹೇಳುತ್ತದೆ. ಎರಡನ್ನೂ ಒಂದೇ ಅಳತೆಗೆ ಇಳಿಸಿ, ಇಲ್ಲವೇ ಎರಡನ್ನೂ 8×12 ಇಂಚಿಗೆ ಪ್ರಿಂಟ್ ಹಾಕಿಸಿ, ಹಿಂದೆ ಗುರುತು ಬರೆದು, ಫೋಟೊಗ್ರಫಿ ಗೊತ್ತಿಲ್ಲದ ಮನೆಯವರ ಕೈಗೆ ಕೊಟ್ಟು ಯಾವುದು ಚೆನ್ನಾಗಿದೆ ಕೇಳಿ.